ನೋಂಬಿಗೆಂದು ನಿಂತ ಮಾತ್ರೆ

ಕುಣಿಗಲ್‌ನ ಹೆದ್ದಾರಿ ಬದಿಯ ಹೋಟೆಲೊಂದರಲ್ಲಿ ಕೆಲಸ ಮಾಡುವ ಕಾಕ ಒಬ್ಬರು ನಮಗೆ ಬಹಳ ವರ್ಷದ ಪರಿಚಯ. ಊರು ಕರಾವಳಿ ಕಡೆ. ಮಂಗಳೂರು–ಬೆಂಗಳೂರು ಬಸ್ಸುಗಳು ಚಹಾಕ್ಕೆ ನಿಲ್ಲುವಲ್ಲೇ ಅವರ ಅರ್ಧ ಆಯುಸ್ಸು ಕಳೆದಿದೆ. ನಾಲ್ಕು ವರ್ಷದ ಹಿಂದೆ ಅವರಿಗೆ ಸುಸ್ತು ಶುರುವಾಯಿತು, ಎಡ ಪಕ್ಕೆಯ ಕೆಳಗೆ ಏನೋ ಭಾರ. ಗ್ಯಾಸ್ ಅಂತ ಎರಡು ತಿಂಗಳು ಕಳೆದರು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಬಿಳಿ ರಕ್ತಕಣಗಳ ಲೆಕ್ಕ ಲಕ್ಷ ದಾಟಿತ್ತು. ಬೆಂಗಳೂರಿನಲ್ಲಿ ಕಾಯಿಲೆಯ ಹೆಸರು ಹೇಳಿದರು: ಸಿಎಂಎಲ್, ಅಂದರೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ. ಒಂದು ಬಗೆಯ ರಕ್ತದ ಕ್ಯಾನ್ಸರ್.

ಮನೆಯಲ್ಲಿ ಅಳುವೋ ಅಳು. ಆದರೆ ಡಾಕ್ಟರು ಬರೆದುಕೊಟ್ಟದ್ದು ದಿನಕ್ಕೊಂದು ಮಾತ್ರೆ. ಇಮಾಟಿನಿಬ್ 400 ಮಿಲಿಗ್ರಾಂ. ಕೂದಲು ಉದುರಲಿಲ್ಲ, ಹಾಸಿಗೆ ಹಿಡಿಯಲಿಲ್ಲ. ಕೆಲವೇ ತಿಂಗಳಲ್ಲಿ ಕಾಕ ಮತ್ತೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು. ತೊಂದರೆ ಶುರುವಾದದ್ದೇ ಅಲ್ಲಿಂದ. ಕಾಯಿಲೆಯೇ ಕಾಣದವನಿಗೆ ಮಾತ್ರೆ ಏಕೆ ಎಂದು ಯಾರಿಗಾದರೂ ಅನಿಸುತ್ತದೆ, ಅಲ್ವಾ?

ರಮಝಾನ್ ಹತ್ತಿರ ಬಂದಾಗ ಅವರು ಫೋನ್ ಮಾಡಿ ಕೇಳಿದರು: "ಉಸ್ತಾದರೇ, ಕಾಯಿಲೆಯವರಿಗೆ ನೋಂಬು ಬಿಡಲು ಅನುಮತಿ ಇದೆ ಅಂತಾರೆ. ನನಗೆ ಈಗ ಶಕ್ತಿ ಇದೆ. ಹಿಡೀಬಹುದಾ?" ಶಕ್ತಿ ಇದ್ದರೆ ಹಿಡಿಯಿರಿ ಎಂದೆವು. ಅಷ್ಟೇ ಹೇಳಿದೆವು. ಮಾತ್ರೆ ಯಾವಾಗ ತೆಗೆದುಕೊಳ್ಳುತ್ತೀರಿ ಎಂದು ಕೇಳಲಿಲ್ಲ, ಡಾಕ್ಟರನ್ನು ಕೇಳಿದ್ದೀರಾ ಎಂದೂ ಕೇಳಲಿಲ್ಲ. ಅವರ ತಲೆಯಲ್ಲಿದ್ದದ್ದು ಒಂದೇ ಮಾತು, "ಬೆಳಿಗ್ಗೆ ತಿಂಡಿ ಆದ ಮೇಲೆ." ಬೆಳಿಗ್ಗೆ ತಿಂಡಿ ಇಲ್ಲದ ತಿಂಗಳಲ್ಲಿ ಮಾತ್ರೆಯೂ ಇಲ್ಲ ಎಂದು ಅವರೇ ತೀರ್ಮಾನಿಸಿಬಿಟ್ಟರು. ಪೆರ್ನಾಲ್ ಮುಗಿಸಿ ಊರಿಂದ ಬಂದ ಮೇಲೆ ಪುನಃ ಶುರು ಮಾಡಿದರಂತೆ. ಒಟ್ಟು ಮೂವತ್ತೈದು ಮಾತ್ರೆ ಬಿಟ್ಟಿದ್ದರು. ಮುಂದಿನ ಪರೀಕ್ಷೆಯಲ್ಲಿ ಕಾಯಿಲೆಯ ಅಂಕಿ ಮೇಲೇರಿತ್ತು. ಈ ಲೇಖನ ಬರೆಯಬೇಕೆನಿಸಿದ್ದು ಅದಕ್ಕೆ. ಅರ್ಧ ತಪ್ಪು ನಮ್ಮದು.

ಈ ಮಾತ್ರೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಬಿಡುವ ಧೈರ್ಯ ಬರುವುದಿಲ್ಲ. ಸಿಎಂಎಲ್‌ನಲ್ಲಿ ನಮ್ಮ ಜೀವಕೋಶದ 9ನೇ ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಅಂಟಿಕೊಳ್ಳುತ್ತವೆ. ಅದರಿಂದ ಬಿಸಿಆರ್-ಎಬಿಎಲ್ ಎಂಬ ಒಂದು ಪ್ರೋಟೀನ್ ಹುಟ್ಟಿ, ಬಿಳಿ ರಕ್ತಕಣಗಳು ಬೆಳೆಯುತ್ತಲೇ ಇರುವಂತೆ ಮಾಡುತ್ತದೆ. ಆನ್ ಮಾಡಿ ಆಫ್ ಮಾಡಲು ಮರೆತ ಪಂಪಿನ ಸ್ವಿಚ್ಚಿದ್ದಂತೆ. ಹಳೆಯ ಕೀಮೋ ಮದ್ದು ಬೇಗ ಬೆಳೆಯುವ ಎಲ್ಲ ಕೋಶಗಳ ಮೇಲೂ ಬೀಳುತ್ತಿತ್ತು. ಇಮಾಟಿನಿಬ್ ಮುಖ್ಯವಾಗಿ ಆ ಸ್ವಿಚ್ಚಿಗೇ ಕೈ ಹಾಕುತ್ತದೆ. ಇಂಥವನ್ನೇ ಗುರಿ ಹಿಡಿದ ಮದ್ದು, ಟಾರ್ಗೆಟೆಡ್ ಔಷಧಿ ಎನ್ನುವುದು. ಸ್ವಿಚ್ಚಿನ ಮೇಲಿನ ಕೈ ತೆಗೆದರೆ ಪಂಪು ಮತ್ತೆ ಓಡುತ್ತದೆ. ಮಾತ್ರೆ ಕಾಯಿಲೆಯನ್ನು ಹಿಡಿದಿಟ್ಟುಕೊಂಡಿರುತ್ತದೆ, ಹೆಚ್ಚಿನವರಲ್ಲಿ ಬೇರುಸಹಿತ ಕಿತ್ತು ಹಾಕಿರುವುದಿಲ್ಲ.

ಎಷ್ಟು ಬಿಟ್ಟರೆ ಕೆಡುತ್ತದೆ? ಲಂಡನ್‌ನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ವೈದ್ಯರು ಇದನ್ನೇ ಅಳೆದು 2010ರಲ್ಲಿ ಪ್ರಕಟಿಸಿದರು. ವರ್ಷಗಳಿಂದ ಇಮಾಟಿನಿಬ್ ತಿನ್ನುತ್ತಿದ್ದ 87 ರೋಗಿಗಳ ಮಾತ್ರೆ ಬಾಟಲಿಯ ಮುಚ್ಚಳದಲ್ಲಿ ಪುಟ್ಟ ಯಂತ್ರ ಇಟ್ಟು, ಮುಚ್ಚಳ ತೆರೆದದ್ದನ್ನು ಮೂರು ತಿಂಗಳು ಲೆಕ್ಕ ಹಾಕಿದರು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಾತ್ರೆ ತಿಂದವರಲ್ಲಿ ಕಾಯಿಲೆ ಚೆನ್ನಾಗಿ ತಗ್ಗುವ ಸಾಧ್ಯತೆ ಸುಮಾರು ಶೇ. 94 ಇತ್ತು. ತೊಂಬತ್ತು ಅಥವಾ ಅದಕ್ಕಿಂತ ಕಡಿಮೆ ತಿಂದವರಲ್ಲಿ ಅದು ಶೇ. 28ಕ್ಕೆ ಇಳಿದಿತ್ತು. ಲೆಕ್ಕ ಮಾಡಿ ನೋಡಿ: ಮೂವತ್ತು ದಿನದಲ್ಲಿ ಮೂರು ಮಾತ್ರೆ ತಪ್ಪಿದರೆ ತೊಂಬತ್ತಾಯಿತು. ಮದುವೆಗೆಂದು ಊರಿಗೆ ಹೋಗಿ ಮಾತ್ರೆ ಮನೆಯಲ್ಲೇ ಮರೆತರೆ ಮೂರು ದಿನ ಕಳೆಯುವುದು ಎಷ್ಟು ಹೊತ್ತು?

ಈಗ ನೋಂಬಿನ ಮಾತು. ಕಾಯಿಲೆಯವರಿಗೆ ಇರುವ ರಿಯಾಯಿತಿ ಸೂರಃ ಅಲ್ ಬಕರದ 184 ಮತ್ತು 185ನೇ ಆಯತ್‌ಗಳಲ್ಲಿದೆ. ಅದನ್ನು ಬಳಸಿಕೊಳ್ಳುವುದು ಈಮಾನಿನ ಕೊರತೆಯಲ್ಲ. ಖಝಾ ಮಾಡಬೇಕೋ ಫಿದ್ಯಾ ಕೊಡಬೇಕೋ ಎಂಬುದನ್ನು ನಮ್ಮಂಥವರನ್ನು ಕೇಳಿ. ನೋಂಬು ಹಿಡಿಯುವಷ್ಟು ನಿಮ್ಮ ರಕ್ತ, ಮೂತ್ರಪಿಂಡ, ಲಿವರ್ ಸರಿ ಇವೆಯೇ, ಮಾತ್ರೆಯ ಹೊತ್ತು ಬದಲಿಸಬಹುದೇ ಎಂಬುದನ್ನು ಡಾಕ್ಟರನ್ನೇ ಕೇಳಬೇಕು. ಅದನ್ನು ಉಸ್ತಾದರು ಹೇಳುವುದಲ್ಲ. ರಮಝಾನ್‌ಗೆ ಒಂದು ತಿಂಗಳ ಮೊದಲೇ ಕೇಳಿ.

ಇಮಾಟಿನಿಬ್ 400 ದಿನಕ್ಕೊಮ್ಮೆಯ ಮಾತ್ರೆ. ಅದಕ್ಕೆ ಬೇಕಾದ್ದು ಊಟ ಮತ್ತು ಒಂದು ದೊಡ್ಡ ಲೋಟ ನೀರು. ಬೆಳಗಿನ ತಿಂಡಿಯೇ ಆಗಬೇಕೆಂದಿಲ್ಲ. ಡಾಕ್ಟರು ಒಪ್ಪಿದರೆ ಇಫ್ತಾರ್ ಊಟದ ಜೊತೆ ತೆಗೆದುಕೊಳ್ಳಬಹುದು. ಖರ್ಜೂರ, ಶರಬತ್ತಿನ ಮೇಲೆ ನುಂಗಬೇಡಿ. ಮಗ್ರಿಬ್ ಆದ ಮೇಲೆ ಗಂಜಿಯೋ ಪತ್ತಿರಿಯೋ ಹೊಟ್ಟೆಗೆ ಬಿದ್ದಿರಲಿ. ಖಾಲಿ ಹೊಟ್ಟೆಗೆ ಬಿದ್ದರೆ ವಾಕರಿಕೆ ಹೆಚ್ಚು. ನುಂಗಿ ತಕ್ಷಣ ಮಲಗಲೂಬೇಡಿ. ತರಾವೀಹ್‌ಗೆ ಹೋಗುವವರಿಗೆ ಆ ಚಿಂತೆ ಹೇಗೂ ಇಲ್ಲ. ಬೆಳಗಿನ ಹೊತ್ತಿನಿಂದ ಸಂಜೆಗೆ ದಾಟುವ ಮೊದಲ ದಿನ ಹೇಗೆ ಎಂದು ಕೇಳಿಯೇ ದಾಟಿ. ಭೇದಿ, ವಾಂತಿ ಹತ್ತಿದ ದಿನ ನೋಂಬು ಬೇಡ.

ಆದರೆ ಇದನ್ನು ಓದಿ ಪಕ್ಕದ ಮನೆಯ ರೋಗಿಗೆ ಹೇಳಬೇಡಿ ಮಾರಾಯ್ರೇ. ಇದೇ ಕಾಯಿಲೆಗೆ ಕೊಡುವ ನಿಲೋಟಿನಿಬ್‌ನ ನಿಯಮ ಪೂರ್ತಿ ಉಲ್ಟಾ. ಅದು ದಿನಕ್ಕೆರಡು ಸಲ, ಸುಮಾರು ಹನ್ನೆರಡು ಗಂಟೆ ಅಂತರದಲ್ಲಿ, ಖಾಲಿ ಹೊಟ್ಟೆಗೆ. ತಿನ್ನುವ ಎರಡು ಗಂಟೆ ಮೊದಲು, ಒಂದು ಗಂಟೆ ಆಮೇಲೆ ಏನೂ ತಿನ್ನಬಾರದು. ಊಟದ ಜೊತೆ ತಿಂದರೆ ಮದ್ದು ರಕ್ತದಲ್ಲಿ ಜಾಸ್ತಿಯಾಗಿ ಹೃದಯದ ಬಡಿತ ಏರುಪೇರಾಗಬಹುದು. ಡಾಸಟಿನಿಬ್ ಎಂಬ ಇನ್ನೊಂದಿದೆ. ಗ್ಯಾಸಿಗೆಂದು ನಾವು ಕೇಳದೇ ನುಂಗುವ ಒಮೆಪ್ರಝೋಲ್‌ನಂಥ ಮಾತ್ರೆ ಜೊತೆಗಿದ್ದರೆ ಅದು ಸರಿಯಾಗಿ ಮೈಗೆ ಸೇರುವುದಿಲ್ಲ. ಶ್ವಾಸಕೋಶದ ಕ್ಯಾನ್ಸರಿನ ಎರ್ಲೋಟಿನಿಬ್ ಕೂಡ ಖಾಲಿ ಹೊಟ್ಟೆಯದ್ದು. ಹೆಸರುಗಳೆಲ್ಲ "ನಿಬ್" ಎಂದೇ ಮುಗಿಯುತ್ತವೆ, ನಿಯಮ ಮಾತ್ರ ಒಂದೊಂದಕ್ಕೆ ಒಂದೊಂದು.

ಬೇರೆ ಮದ್ದುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಇಮಾಟಿನಿಬ್ಬನ್ನು ಕರಗಿಸಿ ಹೊರಹಾಕುವುದು ಲಿವರಿನ ಒಂದು ಕಿಣ್ವ. ಟಿಬಿಯ ರಿಫಾಂಪಿಸಿನ್, ಫಿಟ್ಸಿನ ಫೆನಿಟಾಯಿನ್ ಆ ಕಿಣ್ವದ ವೇಗ ಹೆಚ್ಚಿಸುತ್ತವೆ, ತಿಂದ ಮದ್ದು ಸಾಲುವುದಿಲ್ಲ. ಫಂಗಸ್ಸಿನ ಕೀಟೊಕೊನಝೋಲ್ ಅದನ್ನು ತಡೆಯುತ್ತದೆ, ಮದ್ದು ಮೈಯಲ್ಲೇ ಉಳಿದು ಹೆಚ್ಚಾಗುತ್ತದೆ. ಗ್ರೇಪ್‌ಫ್ರೂಟ್ ಹಣ್ಣಿನದ್ದೂ ಇದೇ ಗುಣ. ನಮ್ಮಲ್ಲಿ ಅದು ಅಪರೂಪ, ಆದರೆ ಅದರ ಬಂಧು ಚಕ್ಕೋತವನ್ನೂ ಬದಿಗಿಡುವುದು ಲೇಸು. ರಕ್ತ ತೆಳುವಾಗಿಸುವ ವಾರ್ಫರಿನ್, ಕೊಬ್ಬಿನ ಸಿಮ್ವಾಸ್ಟಾಟಿನ್ ತಿನ್ನುವವರು ಮೊದಲೇ ಹೇಳಿಬಿಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೂಡ ಎಷ್ಟು ಎಂದು ಕೇಳಿಯೇ ನುಂಗಿ. ಕರಿಜೀರಿಗೆಯ ಬಗ್ಗೆ ಹದೀಸ್‌ನಲ್ಲಿರುವುದು ನಮಗೆ ಗೊತ್ತು, ಮಕ್ಕಳಿಗೆ ನಾವೇ ಕಲಿಸುತ್ತೇವೆ. ಸಾರಿಗೆ ಹಾಕುವ ಚಿಟಿಕೆಯ ಮಾತಲ್ಲ ಇದು. ಅದರ ಎಣ್ಣೆ, ಕ್ಯಾಪ್ಸೂಲ್, ಯಾರೋ ತಂದುಕೊಟ್ಟ ಕಷಾಯ, ಇವನ್ನು ದಿನಾ ಮದ್ದಿನಂತೆ ಕುಡಿಯುವುದಾದರೆ ಬಾಟಲಿಯನ್ನೇ ಡಾಕ್ಟರ ಮೇಜಿನ ಮೇಲಿಟ್ಟು ಕೇಳಿ. ಬೈತಾರೆ ಅಂತ ಬಚ್ಚಿಡಬೇಡಿ.

ಬೆಳಿಗ್ಗೆ ಕಣ್ಣಿನ ಸುತ್ತ ಬಾವು, ರಾತ್ರಿ ಕಾಲಿನ ಸೆಳೆತ, ವಾಕರಿಕೆ, ಚರ್ಮದ ಮೇಲೆ ಗಂಧೆ ಇಮಾಟಿನಿಬ್‌ನಲ್ಲಿ ಸಾಮಾನ್ಯ. ಮುಂದಿನ ಭೇಟಿಯಲ್ಲಿ ಹೇಳಿ, ನೀವೇ ಮಾತ್ರೆ ಅರ್ಧ ಮಾಡಬೇಡಿ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ದಿಢೀರ್ ಏರಿದರೆ ಮೈಯಲ್ಲಿ ನೀರು ತುಂಬುತ್ತಿದೆ ಎಂದರ್ಥ. ಉಸಿರು ಕಟ್ಟುವುದು, ಜ್ವರ, ಎಲ್ಲಿಂದಾದರೂ ರಕ್ತ, ಕಪ್ಪು ಮಲ, ಕಣ್ಣು ಹಳದಿ: ಇವಕ್ಕೆ ಭೇಟಿಯ ದಿನ ಕಾಯಬೇಡಿ, ಅಂದೇ ಹೊರಡಿ. ಒಂದು ಹೊತ್ತು ಮರೆತರೆ ಮರುದಿನ ಎರಡು ನುಂಗಬಾರದು. ನುಂಗಿ ವಾಂತಿಯಾದರೆ ಕೇಳದೆ ಇನ್ನೊಂದು ಹಾಕಬಾರದು. ಮಗು ಬೇಕೆನ್ನುವ ಹೆಣ್ಣುಮಕ್ಕಳು, ಎದೆಹಾಲು ಕುಡಿಸುವವರು ನಾಚಿಕೆ ಬಿಟ್ಟು ಮೊದಲೇ ಮಾತಾಡಬೇಕು, ಈ ಮದ್ದು ಮಗುವಿಗೆ ಅಪಾಯ. ಹಾಗೆಂದು ಗರ್ಭ ನಿಂತಿದೆ ಅಂತ ತಿಳಿದ ದಿನ ಸುಮ್ಮನೆ ಮಾತ್ರೆ ಬಿಟ್ಟು ಕೂರುವುದೂ ಅಲ್ಲ, ಅಂದೇ ಡಾಕ್ಟರಿಗೆ ಫೋನ್ ಮಾಡಬೇಕು.

ಗುಬ್ಬಿಯ ಒಂದು ಮನೆಯಲ್ಲಿ ನಡೆದದ್ದು ಬೇರೆ ಥರ. ಅಲ್ಲಿನ ಉಮ್ಮನಿಗೆ ಪ್ರತಿ ಸಲ 400ರ ಸ್ಟ್ರಿಪ್ ಸಿಗುತ್ತಿತ್ತು. ಒಮ್ಮೆ 100ರದ್ದು ಸಿಕ್ಕಿತು. ನಾಲ್ಕು ತಿನ್ನಬೇಕಾದಲ್ಲಿ ಒಂದೇ ತಿಂದರು, "ದಿನಕ್ಕೊಂದು" ಎಂದೇ ಅಭ್ಯಾಸವಾಗಿತ್ತಲ್ಲ. ಹನ್ನೊಂದನೇ ದಿನ, ಪಿಯುಸಿ ಓದುವ ಮೊಮ್ಮಗಳು ಸ್ಟ್ರಿಪ್ ತಿರುಗಿಸಿ ಓದಿದ್ದರಿಂದ ಗೊತ್ತಾಯಿತು. ಡಬ್ಬಿಯ ಬಣ್ಣ, ಕಂಪೆನಿಯ ಹೆಸರು ಬದಲಾಗಬಹುದು. ಗ್ಲಿವೆಕ್, ವೀನಾಟ್ ಎಲ್ಲದರೊಳಗೂ ಇರುವುದು ಇಮಾಟಿನಿಬ್ಬೇ. ನೋಡಬೇಕಾದ್ದು ಆ ಹೆಸರು ಮತ್ತು ಮಿಲಿಗ್ರಾಂ.

ಅಂದಹಾಗೆ, ಈ ಮಾತ್ರೆ ಬಡವರ ಕೈಗೆ ಸುಮ್ಮನೆ ಬಂದದ್ದಲ್ಲ. 2001ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ ಗ್ಲಿವೆಕ್‌ಗೆ ಇಲ್ಲಿ ತಿಂಗಳಿಗೆ ಲಕ್ಷಕ್ಕೂ ಮೇಲೆ ಬೆಲೆಯಿತ್ತು, ಭಾರತೀಯ ಕಂಪೆನಿಗಳದ್ದು ಎಂಟು-ಹತ್ತು ಸಾವಿರಕ್ಕೆ ಸಿಗುತ್ತಿತ್ತು. ಪೇಟೆಂಟ್‌ಗಾಗಿ ನೋವಾರ್ಟಿಸ್ ಕಂಪೆನಿ ಸಲ್ಲಿಸಿದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಹಾಗಾಗಿ ಅಗ್ಗದ ಮಾತ್ರೆ ಉಳಿಯಿತು. ದುಡ್ಡಿಲ್ಲವೆಂದು ದಿನ ಬಿಟ್ಟು ದಿನ ತಿನ್ನುವವರು ಇವತ್ತಿಗೂ ಇದ್ದಾರೆ. ಹಾಗೆ ಮಾಡುವ ಮೊದಲು ಆಸ್ಪತ್ರೆಯ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕೌಂಟರಿನಲ್ಲಿ ಬಿಪಿಎಲ್ ಕಾರ್ಡ್ ತೋರಿಸಿ ವಿಚಾರಿಸಿ. ತುಮಕೂರಿನಿಂದ ಬೆಂಗಳೂರು ಎಪ್ಪತ್ತು ಕಿಲೋಮೀಟರ್. ನಿಮ್ಹಾನ್ಸ್ ಬಳಿಯ ಕಿದ್ವಾಯಿ ಸಂಸ್ಥೆ ಸರಕಾರದ್ದು, 1973ರಲ್ಲಿ ಶುರುವಾದದ್ದು. ಅದಕ್ಕೆ ಸ್ವಾತಂತ್ರ್ಯ ಹೋರಾಟಗಾರ, ನೆಹರೂ ಸಂಪುಟದ ಸಚಿವ ರಫಿ ಅಹ್ಮದ್ ಕಿದ್ವಾಯಿಯವರ ಹೆಸರು. ಇಲ್ಲಿಂದ ಹೋಗುವವರು ಹಿಂದಿನ ದಿನವೇ ಹಳೆಯ ರಿಪೋರ್ಟು, ಖಾಲಿ ಸ್ಟ್ರಿಪ್ಪು ಎಲ್ಲ ಚೀಲಕ್ಕೆ ಹಾಕಿಡಿ. ಮಾತ್ರೆ ಮುಗಿಯುವ ಒಂದು ವಾರ ಮೊದಲೇ ಹೊರಡಿ.

ಇನ್ನು ಎಂದಾದರೂ ಮಾತ್ರೆ ನಿಲ್ಲಿಸಬಹುದೇ? ವರ್ಷಗಟ್ಟಲೆ ಕಾಯಿಲೆ ತೀರಾ ತಳಕ್ಕಿಳಿದ ಕೆಲವರಿಗೆ ಡಾಕ್ಟರೇ ನಿಲ್ಲಿಸಿ, ಆಗಾಗ ಬಿಸಿಆರ್-ಎಬಿಎಲ್ ಪರೀಕ್ಷೆ ಮಾಡಿಸುತ್ತಾ ಕಾಯುವುದುಂಟು. ಅಂಕಿ ಏರಿದರೆ ಮತ್ತೆ ಮಾತ್ರೆ. ಮನೆಯಲ್ಲಿ ಕೂತು ಮಾಡುವ ಪ್ರಯೋಗವಲ್ಲ ಅದು.

ಕುಣಿಗಲ್‌ನ ಕಾಕನಿಗೆ ಡಾಕ್ಟರು ಬೈಯಲಿಲ್ಲವಂತೆ. "ಎಷ್ಟು ದಿನ ಬಿಟ್ಟಿರಿ?" ಎಂದು ಕೇಳಿ ಫೈಲಿನಲ್ಲಿ ಬರೆದುಕೊಂಡರಂತೆ. ಮೂರು ತಿಂಗಳ ನಂತರದ ರಿಪೋರ್ಟಿನಲ್ಲಿ ಅಂಕಿ ಇಳಿದಿದೆ, ಆದರೆ ಮೊದಲಿದ್ದಷ್ಟು ಕೆಳಗೆ ಇನ್ನೂ ಬಂದಿಲ್ಲ. ಹೋಟೆಲಿನ ಗೋಡೆಯ ಮೇಲಿನ ನಮಾಝ್ ವೇಳಾಪಟ್ಟಿಯ ಪಕ್ಕದಲ್ಲೇ ಒಂದು ಕ್ಯಾಲೆಂಡರ್ ತೂಗಿದ್ದಾರೆ. ಮಾತ್ರೆ ನುಂಗಿದ ದಿನಕ್ಕೆ ಚಹಾ ಮಾಡುವ ಹುಡುಗ ಗೀಟು ಹಾಕುತ್ತಾನೆ. ಮೊನ್ನೆ ಫೋನಿನಲ್ಲಿ ನಾವು ಸಲಾಂ ಹೇಳಿ ಮೊದಲು ಕೇಳಿದ್ದೇ ಅದು, ಇವತ್ತಿನ ಗೀಟು ಬಿತ್ತೋ ಎಂದು. ಬಿದ್ದಿತ್ತು.