ಸಾಮಾಜಿಕ ಜಾಲತಾಣಗಳಿಂದ ಸುರಕ್ಷಿತವಾಗಿ ಹೊರಬರುವುದು ಹೇಗೆ?

ಇಂದು ವಾರ್ಡ್ ಸಭೆಯ ಸೂಚನೆ, ಮರಣದ ಸುದ್ದಿ, ಧರ್ಮೋಪದೇಶ ತರಗತಿಯ ವೇಳಾಪಟ್ಟಿ ಎಲ್ಲವೂ ನಮ್ಮನ್ನು ತಲುಪುವುದು ಮೊಬೈಲಿನ ಮೂಲಕವೇ. ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಿಗೆ ಸೇರಿಕೊಳ್ಳುವುದು ಹೇಗೆಂದು ಮನೆಯ ಮಕ್ಕಳು ಹಿರಿಯರಿಗೂ ಕಲಿಸಿಕೊಟ್ಟಿದ್ದಾರೆ. ಆದರೆ ಅವುಗಳಿಂದ ಸರಿಯಾಗಿ ಹೊರಬರುವುದು ಹೇಗೆ ಎಂಬುದರ ಕಡೆಗೆ ಗಮನ ಕೊಡುವವರು ಕಡಿಮೆ. ಮನೆಯಿಂದ ಹೊರಡುವಾಗ ಬಾಗಿಲಿಗೆ ಬೀಗ ಹಾಕುವ ನಾವು, ಫೋನಿನ ವಿಷಯದಲ್ಲಿ ಬಾಗಿಲನ್ನು ತೆರೆದಿಟ್ಟೇ ಹೋಗುತ್ತೇವೆ.

ಫೋನ್ ನಮ್ಮ ಕೈಯಲ್ಲೇ ಇರುವವರೆಗೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ತೊಂದರೆ ಬರುವುದು ಫೋನ್ ಕೈ ಬದಲಾಗುವಾಗ. ಗಲ್ಫಿನಿಂದ ರಜೆಯಲ್ಲಿ ಬಂದವರು ಹಳೆಯ ಫೋನನ್ನು ತಮ್ಮನಿಗೋ ಅಳಿಯನಿಗೋ ಕೊಟ್ಟು ಹೋಗುತ್ತಾರೆ. ಕೆಲವರು ಅಂಗಡಿಯಲ್ಲಿ ಹಳೆಯ ಫೋನ್ ಕೊಟ್ಟು ಹೊಸದನ್ನು ತರುತ್ತಾರೆ. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸಾಪ್ ತೆರೆದು ಆಧಾರ್ ಪ್ರತಿ ಮುದ್ರಿಸಿಕೊಂಡು, ಅದನ್ನು ಹಾಗೆಯೇ ಬಿಟ್ಟು ಬರುವವರೂ ಇದ್ದಾರೆ.

ಲಾಗ್ ಔಟ್ ಎಂದರೇನು?

ನಾವು ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಒಳಗೆ ಹೋದಾಗ ಆ ಸಂಸ್ಥೆಯ ಸರ್ವರ್ ನಮ್ಮ ಫೋನಿಗೆ ಒಂದು ಗುಪ್ತ ಸಂಕೇತವನ್ನು ನೀಡುತ್ತದೆ. ಇದನ್ನು ಒಂದು ಪ್ರವೇಶ ಚೀಟಿ ಎಂದು ತಿಳಿಯಬಹುದು. ಮುಂದೆ ಪ್ರತಿ ಸಲ ಆ್ಯಪ್ ತೆರೆದಾಗ ಫೋನ್ ಈ ಚೀಟಿಯನ್ನು ತೋರಿಸುತ್ತದೆ. ಆದುದರಿಂದಲೇ ಪ್ರತಿದಿನ ಪಾಸ್‌ವರ್ಡ್ ಕೇಳುವುದಿಲ್ಲ.

ಆ್ಯಪ್ ಮುಚ್ಚಿದರೆ ಅಥವಾ ಫೋನ್ ಆಫ್ ಮಾಡಿದರೆ ಈ ಚೀಟಿ ರದ್ದಾಗುವುದಿಲ್ಲ. ಆ್ಯಪನ್ನು ಫೋನಿನಿಂದ ತೆಗೆದುಹಾಕಿದರೂ ಸರ್ವರಿನ ಪಟ್ಟಿಯಲ್ಲಿ ಆ ಫೋನಿನ ಹೆಸರು ಉಳಿದಿರಬಹುದು. ಲಾಗ್ ಔಟ್ ಮಾಡಿದಾಗ ಮಾತ್ರ ಚೀಟಿ ರದ್ದಾಯಿತೆಂದು ಸರ್ವರಿಗೆ ತಿಳಿಯುತ್ತದೆ.

ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ

ಫೇಸ್‌ಬುಕ್ಕಿನಲ್ಲಿ ಮೂರು ಗೆರೆಗಳ ಮೆನು ಒತ್ತಿ ಕೆಳಗೆ ಹೋದರೆ 'ಲಾಗ್ ಔಟ್' ಕಾಣುತ್ತದೆ. ಇನ್‌ಸ್ಟಾಗ್ರಾಂನಲ್ಲಿ ನಮ್ಮ ಪ್ರೊಫೈಲ್ ತೆರೆದು, ಮೂರು ಗೆರೆಗಳನ್ನು ಒತ್ತಿ, ಪಟ್ಟಿಯ ಕೊನೆಗೆ ಹೋಗಬೇಕು.

ಇಲ್ಲಿ ಬಹಳ ಮಂದಿ ಗಮನಿಸದ ಒಂದು ವಿಷಯವಿದೆ. ಲಾಗಿನ್ ಮಾಹಿತಿಯನ್ನು ಉಳಿಸಬೇಕೇ ಎಂದು ಆ್ಯಪ್ ಕೇಳುತ್ತದೆ. 'ಉಳಿಸು' ಎಂದು ಒತ್ತಿದ್ದರೆ ಹೊರಬಂದ ಮೇಲೂ ನಮ್ಮ ಹೆಸರು ಮತ್ತು ಭಾವಚಿತ್ರ ಪರದೆಯ ಮೇಲೆ ಉಳಿಯುತ್ತದೆ. ಅದನ್ನು ಒತ್ತಿದವರು ಪಾಸ್‌ವರ್ಡ್ ಇಲ್ಲದೆಯೇ ಒಳಗೆ ಹೋಗಬಹುದು. ಆದುದರಿಂದ ಫೋನ್ ಬೇರೆಯವರಿಗೆ ಹೋಗುವುದಾದರೆ ಆ ಉಳಿಸಿದ ಪ್ರೊಫೈಲನ್ನೂ ತೆಗೆದುಹಾಕಬೇಕು. ಬೇರೆಯವರ ಫೋನಿನ ಕ್ರೋಮ್‌ನಲ್ಲಿ ಲಾಗಿನ್ ಆಗುವಾಗ 'ಸೇವ್ ಪಾಸ್‌ವರ್ಡ್' ಎಂದು ಕೇಳಿದರೆ ಬೇಡವೆನ್ನಬೇಕು.

ಹಿಂದೆ ಎಲ್ಲೋ ಬಿಟ್ಟುಬಂದ ಲಾಗಿನ್‌ಗಳನ್ನು ದೂರದಿಂದಲೇ ಮುಚ್ಚಬಹುದು. ಸೆಟ್ಟಿಂಗ್ಸ್‌ನಲ್ಲಿ 'ಅಕೌಂಟ್ಸ್ ಸೆಂಟರ್', ಅದರೊಳಗೆ 'ಪಾಸ್‌ವರ್ಡ್ ಆ್ಯಂಡ್ ಸೆಕ್ಯೂರಿಟಿ', ಅನಂತರ 'ವೇರ್ ಯು ಆರ್ ಲಾಗ್ಡ್ ಇನ್' ತೆರೆಯಿರಿ. ನಿಮ್ಮ ಖಾತೆ ತೆರೆದಿರುವ ಫೋನ್ ಮತ್ತು ಕಂಪ್ಯೂಟರುಗಳ ಪಟ್ಟಿ ಅಲ್ಲಿದೆ. ಗುರುತಿಲ್ಲದವುಗಳನ್ನು ಆರಿಸಿ ಲಾಗ್ ಔಟ್ ಮಾಡಿ, ಕೂಡಲೇ ಪಾಸ್‌ವರ್ಡ್ ಬದಲಾಯಿಸಿ.

ವಾಟ್ಸಾಪ್

ವಾಟ್ಸಾಪ್‌ನ ಕ್ರಮ ಸ್ವಲ್ಪ ಬೇರೆ. ಅದು ಮೊಬೈಲ್ ಸಂಖ್ಯೆಯ ಮೇಲೆ ನಿಂತಿದೆ. ಅದೇ ಸಂಖ್ಯೆಯನ್ನು ಹೊಸ ಫೋನಿನಲ್ಲಿ ನೋಂದಾಯಿಸಿದಾಗ ಹಳೆಯ ಫೋನಿನಲ್ಲಿ ಖಾತೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಆದರೆ ಹಳೆಯ ಫೋನಿನಲ್ಲಿ ಉಳಿದ ಫೋಟೋ, ಧ್ವನಿ ಸಂದೇಶಗಳು ಅಲ್ಲಿಯೇ ಇರುತ್ತವೆ. ಸಿಮ್ ತೆಗೆದರೆ ಎಲ್ಲವೂ ಮುಗಿಯಿತು ಎಂದು ಭಾವಿಸಬಾರದು.

ಕಂಪ್ಯೂಟರಿನಲ್ಲಿ ತೆರೆದ ವಾಟ್ಸಾಪ್ ಮುಚ್ಚಲು 'ಲಿಂಕ್ಡ್ ಡಿವೈಸಸ್' ಎಂಬಲ್ಲಿಗೆ ಹೋಗಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಇದು ಮೇಲಿನ ಮೂರು ಚುಕ್ಕೆಗಳ ಒಳಗಿದೆ. ಮುಖ್ಯ ಫೋನಿನ ಜೊತೆಗೆ 4 ಸಾಧನಗಳನ್ನು ಜೋಡಿಸಬಹುದು. ಪ್ರತಿಯೊಂದನ್ನೂ ಕೊನೆಯ ಸಲ ಯಾವಾಗ ಬಳಸಲಾಗಿದೆ ಎಂದು ಅಲ್ಲಿ ತೋರಿಸುತ್ತದೆ. ಬೇಡವಾದುದನ್ನು ಒತ್ತಿ ಲಾಗ್ ಔಟ್ ಮಾಡಿರಿ. ತಿಂಗಳಿಗೊಮ್ಮೆ ಈ ಪಟ್ಟಿಯನ್ನು ನೋಡುವುದು ಒಳ್ಳೆಯ ಅಭ್ಯಾಸ.

'ಡಿಲೀಟ್ ಅಕೌಂಟ್' ಎಂಬುದು ಲಾಗ್ ಔಟ್ ಅಲ್ಲ. ಅದನ್ನು ಒತ್ತಿದರೆ ಎಲ್ಲಾ ಗುಂಪುಗಳಿಂದ ಹೊರಬೀಳುತ್ತೀರಿ, ಹಳೆಯ ಸಂದೇಶಗಳೂ ಹೋಗುತ್ತವೆ. ಇದರ ಜೊತೆಗೆ 'ಟು ಸ್ಟೆಪ್ ವೆರಿಫಿಕೇಶನ್' ಎಂಬಲ್ಲಿ 6 ಅಂಕಿಗಳ ಪಿನ್ ಇಟ್ಟುಕೊಳ್ಳಿ. ಆಗ ಎಸ್‌ಎಂಎಸ್‌ನಲ್ಲಿ ಬರುವ ಸಂಖ್ಯೆ ಮತ್ತೊಬ್ಬರಿಗೆ ಸಿಕ್ಕಿದರೂ ಅಷ್ಟರಿಂದಲೇ ನಿಮ್ಮ ಖಾತೆ ತೆರೆಯಲಾಗದು.

ವಿದೇಶದಲ್ಲಿರುವವರು ಒಂದು ಮಾತು ನೆನಪಿಡಬೇಕು. ರೀಚಾರ್ಜ್ ಮಾಡದೆ ಬಿಟ್ಟ ಊರಿನ ಸಂಖ್ಯೆಯನ್ನು ಕಂಪನಿಯು ರದ್ದುಗೊಳಿಸಿ, ಕನಿಷ್ಠ 90 ದಿನಗಳ ಬಳಿಕ ಬೇರೊಬ್ಬರಿಗೆ ಕೊಡಬಹುದು. ಆಗ ನಿಮ್ಮ ಒಟಿಪಿ ಅವರ ಕೈ ಸೇರುತ್ತದೆ. ಆದುದರಿಂದ ಸಂಖ್ಯೆಯನ್ನು ಬಿಡುವ ಮೊದಲೇ ವಾಟ್ಸಾಪ್‌ನಲ್ಲಿ 'ಚೇಂಜ್ ನಂಬರ್' ಮಾಡಿ. ಫೇಸ್‌ಬುಕ್, ಗೂಗಲ್ ಮತ್ತು ಬ್ಯಾಂಕಿನಲ್ಲಿಯೂ ಹೊಸ ಸಂಖ್ಯೆ ಕೊಡಿ.

ಹಳೆಯ ಫೋನ್ ಕೊಡುವ ಮುನ್ನ

1. ಫೋಟೋ ಮತ್ತು ವಾಟ್ಸಾಪ್ ಸಂದೇಶಗಳ ಬ್ಯಾಕಪ್ ತೆಗೆಯಿರಿ.
2. ನಿಮ್ಮ ಪಾಸ್‌ವರ್ಡ್‌ಗಳು ನೆನಪಿವೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಇಲ್ಲವಾದರೆ ನೀವೇ ಹೊರಗೆ ಉಳಿಯುತ್ತೀರಿ.
3. ಹೊಸ ಫೋನಿನಲ್ಲಿ ಎಲ್ಲವೂ ನಡೆಯುತ್ತಿದೆ ಎಂದು ನೋಡಿದ ಬಳಿಕ ಹಳೆಯದರಲ್ಲಿ ಒಂದೊಂದಾಗಿ ಲಾಗ್ ಔಟ್ ಮಾಡಿ.
4. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಿಂದ ಗೂಗಲ್ ಖಾತೆಯನ್ನು ತೆಗೆದುಹಾಕಿ. ಐಫೋನ್ ಆದರೆ ಆ್ಯಪಲ್ ಖಾತೆಯಿಂದ ಸೈನ್ ಔಟ್ ಆಗಿ.
5. ಕೊನೆಗೆ 'ಫ್ಯಾಕ್ಟರಿ ರೀಸೆಟ್' ಮಾಡಿ, ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ.

ಫೋನ್ ಕಳೆದುಹೋದರೆ

ಮೊದಲು ಮೊಬೈಲ್ ಕಂಪನಿಗೆ ತಿಳಿಸಿ ಸಿಮ್ ನಿಲ್ಲಿಸಿ, ಬ್ಯಾಂಕಿಗೂ ತಿಳಿಸಿ. ಬೇರೊಂದು ಫೋನಿನಿಂದ ಫೇಸ್‌ಬುಕ್ ಮತ್ತು ಗೂಗಲ್ ಖಾತೆ ತೆರೆದು ಕಳೆದ ಫೋನನ್ನು ಲಾಗ್ ಔಟ್ ಮಾಡಿ. ಗೂಗಲ್ ಮತ್ತು ಆ್ಯಪಲ್ ಎರಡರಲ್ಲೂ ಕಳೆದ ಫೋನನ್ನು ಹುಡುಕುವ, ದೂರದಿಂದಲೇ ಅಳಿಸುವ ವ್ಯವಸ್ಥೆಯಿದೆ. ಅದೇ ಸಂಖ್ಯೆಯ ಹೊಸ ಸಿಮ್ ಪಡೆದು ವಾಟ್ಸಾಪ್ ನೋಂದಾಯಿಸಿದರೆ ಕಳ್ಳನ ಕೈಯಲ್ಲಿ ಅದು ಮುಚ್ಚುತ್ತದೆ. ಪೊಲೀಸ್ ದೂರು ನೀಡಿ, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನನ್ನೇ ತಡೆಹಿಡಿಯಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಸಿ ಕಲಮಿನ ಪ್ರಕಾರ ಅಪರಾಧ. ಇದಕ್ಕೆ 3 ವರ್ಷಗಳವರೆಗೆ ಜೈಲು ಮತ್ತು 1 ಲಕ್ಷ ರೂಪಾಯಿವರೆಗೆ ದಂಡವಿದೆ.

ಚರ್ಚ್ ಕಚೇರಿಯ ಫೋನ್

ಧರ್ಮಗುರುಗಳ ವರ್ಗಾವಣೆಯಾದಾಗ, ಪಾಲನಾ ಪರಿಷತ್ತಿನ ಕಾರ್ಯದರ್ಶಿ ಬದಲಾದಾಗ, ಯುವ ಸಂಘಟನೆಗೆ ಹೊಸ ಪದಾಧಿಕಾರಿಗಳು ಬಂದಾಗ ದಾಖಲೆ ಪುಸ್ತಕ, ಬೀಗದ ಕೈ, ಲೆಕ್ಕಪತ್ರಗಳನ್ನು ಹಸ್ತಾಂತರಿಸುತ್ತೇವೆ. ಫೇಸ್‌ಬುಕ್ ಪುಟ ಮತ್ತು ವಾಟ್ಸಾಪ್ ಗುಂಪುಗಳ ಹೊಣೆಯೂ ಅದೇ ದಿನ ಹಸ್ತಾಂತರವಾಗಬೇಕು. ಫೇಸ್‌ಬುಕ್ ಪುಟಕ್ಕೆ ಒಂದೇ ಪಾಸ್‌ವರ್ಡನ್ನು ಹತ್ತು ಮಂದಿ ಹಂಚಿಕೊಳ್ಳುವ ಅಗತ್ಯವಿಲ್ಲ. ಪ್ರತಿಯೊಬ್ಬರಿಗೂ ಅವರವರ ಪ್ರೊಫೈಲ್ ಮೂಲಕ ಅಧಿಕಾರ ಕೊಡಬಹುದು. ಹೊಸಬರಿಗೆ ಪೂರ್ಣ ಅಧಿಕಾರ ಕೊಟ್ಟ ಬಳಿಕ ಹಳಬರ ಹೆಸರನ್ನು ತೆಗೆಯಬೇಕು. ಇದು ಹಳಬರ ಮೇಲಿನ ಸಂಶಯವಲ್ಲ, ಅವರ ಹೊಣೆಯನ್ನು ಇಳಿಸುವ ಕ್ರಮ.

ಕಚೇರಿಯ ಫೋನಿಗೆ ಬರುವ ಸಂದೇಶಗಳಲ್ಲಿ ಮದುವೆಯ ಪತ್ರಗಳಿರುತ್ತವೆ, ಚಿಕಿತ್ಸೆಗೆ ನೆರವು ಕೇಳಿದವರ ಆಸ್ಪತ್ರೆ ಬಿಲ್ಲುಗಳಿರುತ್ತವೆ, ಒಡೆದ ಮನೆಗಳ ಕಣ್ಣೀರಿರುತ್ತದೆ. ಅವರು ಆ ಮಾತುಗಳನ್ನು ಕಳುಹಿಸಿದ್ದು ನಂಬಿಕೆಯಿಂದ. ಆ ಫೋನ್ ಯಾರದೋ ಕೈ ಸೇರಿ ಚರ್ಚಿನ ಹೆಸರಿನಲ್ಲಿ ಹಣ ಕೇಳುವ ಸಂದೇಶ ಹೊರಟರೆ, ನಂಬಿ ಕಳುಹಿಸುವವರೂ ನಮ್ಮ ಬಡ ಕುಟುಂಬಗಳೇ. ಈ ವಾರದ ಸಭೆಯಲ್ಲಿ ವಾರ್ಡಿನ ಗುರಿಕಾರರು ಹತ್ತು ನಿಮಿಷ ತೆಗೆದು, ಹಿರಿಯರ ಫೋನಿನಲ್ಲಿ 'ಲಿಂಕ್ಡ್ ಡಿವೈಸಸ್' ಪಟ್ಟಿಯನ್ನು ತೆರೆದು ತೋರಿಸಲಿ.