ಕೊನೇ ಓವರಿನ ಕಸುಬು

ಹುಮನಾಬಾದಿನಲ್ಲಿ ಬೇಸಿಗೆಯ ಟೆನಿಸ್ ಬಾಲ್ ಟೂರ್ನಿ ಸೆಮಿಫೈನಲ್ ಮುಟ್ಟಿತೆಂದರೆ ಬಸವಕಲ್ಯಾಣಕ್ಕೆ ಫೋನು ಹೋಗುತ್ತದೆ. ‘ನಾಳಿ ಬರ್ತಿ ಏನಪಾ? ಎರಡೇ ಓವರ್ ಹಾಕು, ಸಾಕು.’ ಕಲ್ಯಾಣದಲ್ಲಿ ಟೂರ್ನಿ ಇದ್ದರೆ ಫೋನು ಈ ಕಡೆ ಬರುತ್ತದೆ. ಕರೆಸಿಕೊಂಡವನಿಗೆ ಬಸ್ ಖರ್ಚು, ಮಧ್ಯಾಹ್ನದ ಊಟ, ಗೆದ್ದರೆ ಕೈಗೊಂದಿಷ್ಟು ದುಡ್ಡು. ತನ್ನ ತಂಡದ ಅರ್ಧ ಜನರ ಹೆಸರೂ ಅವನಿಗೆ ಗೊತ್ತಿರುವುದಿಲ್ಲ. ಎದುರಾಳಿಗೆ ಹನ್ನೆರಡೋ ಹದಿನೈದೋ ರನ್ ಬೇಕಿದ್ದಾಗ ಚೆಂಡು ಅವನ ಕೈಗೆ ಬರುತ್ತದೆ. ಉಳಿಸಿದರೆ ಹೂಮಾಲೆ ನಾಯಕನಿಗೆ. ಕಳೆದರೆ ಬೈಗುಳವೆಲ್ಲ ಅವನಿಗೇ.

ಕೊನೆಗೆ ಬಂದು ಪಂದ್ಯ ಉಳಿಸುವ ಈ ಕೆಲಸವನ್ನು ಅಮೆರಿಕದ ಬೇಸ್‌ಬಾಲ್ ಸಂಬಳದ ಕಸುಬಾಗಿಸಿ ಬಹಳ ಕಾಲವಾಯಿತು. ಅಲ್ಲಿ ಹಿಂದೆಲ್ಲ ಮೊದಲು ಚೆಂಡೆಸೆಯಲು ಇಳಿದವನೇ ಪಂದ್ಯ ಮುಗಿಸಬೇಕಿತ್ತು. ನಡುವೆ ಬರುವವನು ಎರಡನೇ ದರ್ಜೆಯವನು. ಅವನು ಕಾಪಾಡಿದ ಗೆಲುವು ‘ಸೇವ್’ ಎಂದು ಅಧಿಕೃತ ಲೆಕ್ಕಕ್ಕೆ ಬಂದದ್ದು 1969ರಲ್ಲಿ. ಆಕ್ಟೇವಿಯೊ ಡೊಟೆಲ್ ಎಂಬಾತ ಹೆಚ್ಚಾಗಿ ಈ ಕೆಲಸ ಮಾಡುತ್ತಲೇ 13 ತಂಡಗಳ ಅಂಗಿ ತೊಟ್ಟ.

ನಮ್ಮಲ್ಲಿ ಈ ಕಸುಬಿಗೆ ಬೆಲೆ ಕಟ್ಟಿದ್ದು ಟಿ20. ಒಬ್ಬನಿಗೆ ನಾಲ್ಕೇ ಓವರ್ ಎಂದ ಮೇಲೆ, ಕೊನೆಯವನ್ನು ಯಾರು ಹಾಕಬೇಕೆಂಬುದೇ ದೊಡ್ಡ ಪ್ರಶ್ನೆಯಾಯಿತು. 2008ರಲ್ಲಿ ಐಪಿಎಲ್ ಹರಾಜು ಶುರುವಾದಾಗ ಅದಕ್ಕೆ ರೇಟೂ ಬಂತು. ಕನ್ನಡಿಗರಲ್ಲಿ ಆ ದಾರಿಯನ್ನು ಪೂರ್ತಿ ಸವೆಸಿದವರು ದಾವಣಗೆರೆಯ ಆರ್. ವಿನಯ್ ಕುಮಾರ್. ಆಟೊ ಚಾಲಕರ ಮಗ. ಬೆಂಗಳೂರು, ಕೊಚ್ಚಿ, ಮತ್ತೆ ಬೆಂಗಳೂರು, ಕೋಲ್ಕತ್ತ, ಮುಂಬೈ, ಮತ್ತೆ ಕೋಲ್ಕತ್ತ: ಐಪಿಎಲ್‌ನಲ್ಲಿ 105 ಪಂದ್ಯ, 105 ವಿಕೆಟ್. ವೇಗ ಸಾಲದು ಎಂಬ ದೂರು ಕೊನೆಯವರೆಗೂ ಬೆನ್ನು ಬಿಡಲಿಲ್ಲ. ಔಟ್‌ಸ್ವಿಂಗ್, ಲೆಗ್ ಕಟರ್, ನಿಧಾನದ ಎಸೆತ, ಇವೇ ಅವರ ಬಂಡವಾಳ.

ನಮ್ಮ ಬೀದರ್ ಕಡೆಯವರಿಗೆ ಬೆಂಗಳೂರಿನ ಚಿನ್ನಸ್ವಾಮಿಗಿಂತ ಹೈದರಾಬಾದಿನ ಉಪ್ಪಲ್ ಮೈದಾನ ಹತ್ತಿರ. 1956ರವರೆಗೆ ನಾವು ಹೈದರಾಬಾದ್ ರಾಜ್ಯದವರೇ ಅಲ್ಲವೆ! ಅದೇ ಉಪ್ಪಲ್‌ನಲ್ಲಿ 2013ರ ಏಪ್ರಿಲ್ 7ರಂದು ಸನ್‌ರೈಸರ್ಸ್ ವಿರುದ್ಧ ಆರ್‌ಸಿಬಿಯ ಪಂದ್ಯ ಟೈ ಆಯಿತು. ಸೂಪರ್ ಓವರ್ ಹಾಕಿದವರು ವಿನಯ್. ಕ್ಯಾಮರಾನ್ ವೈಟ್ ಎರಡು ಸಿಕ್ಸರ್ ಎತ್ತಿದರು, ಒಟ್ಟು 20 ರನ್ ಹೋಯಿತು. ಗೇಲ್ ಮತ್ತು ಕೊಹ್ಲಿಯಿಂದ ಬಂದದ್ದು 15. ಅದೇ ವರ್ಷ ನವೆಂಬರ್ 2ರಂದು ತವರಿನ ಬೆಂಗಳೂರಿನಲ್ಲೇ ಆಸ್ಟ್ರೇಲಿಯಾ ವಿರುದ್ಧ 9 ಓವರಿಗೆ 102 ರನ್. ರೋಹಿತ್ ಶರ್ಮಾ 209 ಹೊಡೆದು ಭಾರತವನ್ನು ಗೆಲ್ಲಿಸಿದರು. ವಿನಯ್‌ಗೆ ಮಾತ್ರ ಅದೇ ಕೊನೆಯ ಏಕದಿನ ಪಂದ್ಯವಾಯಿತು.

ಮೂರು ತಿಂಗಳಲ್ಲಿ, 2014ರ ಫೆಬ್ರುವರಿಯಲ್ಲಿ, ಅದೇ ಉಪ್ಪಲ್‌ನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ಕರ್ನಾಟಕಕ್ಕೆ ರಣಜಿ ಟ್ರೋಫಿ ತಂದ ನಾಯಕನೂ ಇವರೇ. ಮರುವರ್ಷ ವಾಂಖೆಡೆಯ ಫೈನಲ್‌ನಲ್ಲಿ ತಮಿಳುನಾಡಿನ ಮೇಲೆ ಐದು ವಿಕೆಟ್ ಕಿತ್ತು, ಸಾಲದ್ದಕ್ಕೆ ಅಜೇಯ ಶತಕವನ್ನೂ ಹೊಡೆದರು. ಕರುಣ್ ನಾಯರ್ ಅವರ 328ರ ನೆರಳಿನಲ್ಲಿ ಅದು ಅಷ್ಟಾಗಿ ಮಾತಿಗೆ ಬರಲಿಲ್ಲ. ನನಗೆ ಕೇಳಿದರೆ, ದಿನವಿಡೀ ಬೌಲ್ ಮಾಡಬಲ್ಲ ಕೈಗೆ ಆರು ಎಸೆತದ ಕೂಲಿ ಕೊಟ್ಟು, ಆ ಆರರಿಂದಲೇ ತೂಗಿದ್ದು ಅನ್ಯಾಯ.

ಆದರೆ ತೂಕ ನಿಲ್ಲಲಿಲ್ಲ. 2018ರ ಏಪ್ರಿಲ್ 10, ಚೆಪಾಕ್. ಕೋಲ್ಕತ್ತ ಪರ ವಿನಯ್ ಹಾಕಿದ ಕೊನೇ ಓವರಿನಲ್ಲಿ ಚೆನ್ನೈಗೆ 17 ರನ್ ಬೇಕು. ಬ್ರಾವೊ ಮೊದಲ ಎಸೆತವನ್ನೇ ಸಿಕ್ಸರಿಗೆ ಅಟ್ಟಿದರು. ಅದು ನೋಬಾಲ್ ಬೇರೆ. ಒಂದು ಎಸೆತ ಬಾಕಿ ಇರುವಾಗಲೇ ಜಡೇಜಾ ಸಿಕ್ಸರಿನಿಂದ ಪಂದ್ಯ ಮುಗಿಸಿದರು. ಫೋನಿನಲ್ಲಿ ಗೇಲಿ ಶುರುವಾಗಲು ಐದು ನಿಮಿಷವೂ ಹಿಡಿಯಲಿಲ್ಲ.

2019ರಲ್ಲಿ ವಿನಯ್ ಕರ್ನಾಟಕ ಬಿಟ್ಟು ಪುದುಚೇರಿಗೆ ಹೋದರು. ರಾಜ್ಯ ತಂಡಗಳು ಹೊರಗಿನವರನ್ನು ಕರೆಸಿಕೊಳ್ಳಲು ಬಿಸಿಸಿಐ ಅವಕಾಶ ಕೊಡುತ್ತದೆ. ನಮ್ಮೂರ ಟೂರ್ನಿಯವರು ಮಾಡುವುದೂ ಅದನ್ನೇ, ಪತ್ರವ್ಯವಹಾರವೊಂದಿಲ್ಲ ಅಷ್ಟೆ. 2021ರ ಫೆಬ್ರುವರಿಯಲ್ಲಿ ನಿವೃತ್ತಿ ಹೇಳಿದಾಗ ಪ್ರಥಮ ದರ್ಜೆಯಲ್ಲಿ 504 ವಿಕೆಟ್ ಇದ್ದವು. ಆಮೇಲೆ ಮುಂಬೈ ಇಂಡಿಯನ್ಸ್‌ಗೆ ಹೊಸ ಹುಡುಗರನ್ನು ಹುಡುಕಿಕೊಡುವ ಕೆಲಸಕ್ಕೆ ಸೇರಿದರು.

ಕಲ್ಯಾಣದ ಎರಡು ಓವರಿನ ಹುಡುಗ ಅಂಥವರ ಕಣ್ಣಿಗೆ ಬೀಳಬೇಕಾದರೆ ಮೊದಲು ಲೆದರ್ ಬಾಲ್ ಹಿಡಿಯಬೇಕು. ಟೆನಿಸ್ ಚೆಂಡಿನಲ್ಲಿ ಕಲಿತ ಯಾರ್ಕರ್ ಅಲ್ಲಿ ಹಾಗೇ ನಡೆಯುವುದಿಲ್ಲ, ಹಿಡಿತ ಬೇರೆ, ತೂಕ ಬೇರೆ. ಬೀದರ್ ಸೇರಿರುವ, ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ರಾಯಚೂರು ವಲಯದಿಂದ ಹಿಂದೆ ಯರೇ ಗೌಡ ಆ ದಾರಿಯಲ್ಲಿ ಹೋಗಿದ್ದರು. ಅವರೂ ರೈಲ್ವೇಸ್‌ಗೆ ಆಡಿ, ತಿರುಗಿ ಕರ್ನಾಟಕಕ್ಕೆ ಬಂದವರೇ. ಆಮೇಲೆ ಮನೋಜ್ ಭಾಂಡಗೆ ಆರ್‌ಸಿಬಿ ಸೇರಿದ್ದರು. ಇಬ್ಬರೂ ರಾಯಚೂರಿನವರು.