ಹಳೆಯ ಕೋವಿಯಾಟಗಳು ಇಂದಿಗೂ ನಿಲ್ಲುವುವೇ?

ಹಳೆಯದೆಲ್ಲವೂ ಒಳ್ಳೆಯದೆಂದು ಹೊಗಳುವವರೂ, ಹಳೆಯದೆಂಬ ಒಂದೇ ಕಾರಣಕ್ಕಾಗಿ ವಸ್ತುವನ್ನು ಮೂಲೆಗೆ ತಳ್ಳುವವರೂ ಪ್ರತಿಯೊಂದು ಮನೆಯಲ್ಲಿಯೂ ಇರುವರು. ಈ ಎರಡು ಪಕ್ಷಗಳ ವಾದವು ಕಳೆದ ಬೇಸಗೆಯಲ್ಲಿ ಸಕ್ರೆಬೈಲಿನ ನಮ್ಮ ಬಂಧುಗಳೊಬ್ಬರ ಮನೆಯ ಜಗಲಿಯ ಮೇಲೆ ನಡೆಯಿತು. ವಾದದ ವಿಷಯವು ಕಂಪ್ಯೂಟರಿನ ಕೋವಿಯಾಟಗಳು. ಆಡುವವನ ಕಣ್ಣಿನಿಂದಲೇ ಲೋಕವೆಲ್ಲ ಕಾಣುವಂತೆಯೂ, ತನ್ನ ಕೈಯ ಕೋವಿಯೊಂದೇ ಎದುರಿಗೆ ತೋರುವಂತೆಯೂ ರಚಿಸಿದ ಈ ಆಟಗಳಿಗೆ ‘ಫಸ್ಟ್ ಪರ್ಸನ್ ಶೂಟರ್’ ಎಂದು ಹೆಸರು.

ಮನೆಯ ಯಜಮಾನರು ಶಿವಮೊಗ್ಗೆಯಲ್ಲಿ ಕಾಲೇಜು ಓದುತ್ತಿದ್ದಾಗ ಸೈಬರ್ ಕೆಫೆಗಳಲ್ಲಿ ಇವುಗಳನ್ನು ಆಡಿದವರು. ಮಗನು ಹದಿನೆಂಟು ತುಂಬಿದ ತರುಣನು. ಹೊಸ ಆಟಗಳಲ್ಲಿ ಪಳಗಿದವನು. “ಅಪ್ಪಾ, ಅಷ್ಟೊಂದು ಹೊಗಳಿದ ಡೂಮ್ ಇದೇ ಏನು? ಎಲ್ಲವೂ ಚೌಕ ಚೌಕವಾಗಿ ಕಾಣುತ್ತದೆಯಲ್ಲ!” ಎಂದು ಅವನು ನಕ್ಕನು. ತಂದೆಯವರಿಗೆ ನೋವಾಯಿತು. ತಾವು ಇಷ್ಟು ವರ್ಷ ಪ್ರೀತಿಸಿದುದು ಆಟವನ್ನೋ, ತಮ್ಮ ಹರೆಯವನ್ನೋ ಎಂಬ ಸಂಶಯವು ಅವರಿಗೂ ಇದ್ದಿತು. ಅನೇಕ ಗೃಹಸ್ಥರಿಗೆ ಇರಬಹುದಾದ ಸಂಶಯವಾದುದರಿಂದ ಇದನ್ನು ಸ್ವಲ್ಪ ವಿಚಾರಿಸಿ ನೋಡುವುದು ಯುಕ್ತವು.

ಅಮೆರಿಕೆಯ ಇಡ್ ಸಾಫ್ಟ್‌ವೇರ್ ಎಂಬ ಚಿಕ್ಕ ಸಂಸ್ಥೆಯು 1992ರಲ್ಲಿ ‘ವುಲ್ಫೆನ್‌ಸ್ಟೈನ್ 3ಡಿ’ಯನ್ನೂ, 1993ರ ಡಿಸೆಂಬರಿನಲ್ಲಿ ‘ಡೂಮ್’ ಆಟವನ್ನೂ ಹೊರತಂದಿತು. ಡೂಮ್‌ನ ಮೊದಲನೆಯ ಭಾಗವನ್ನು ಉಚಿತವಾಗಿ ಹಂಚಿ, ಉಳಿದುದಕ್ಕೆ ಮಾತ್ರ ಹಣ ಕೇಳಿದುದರಿಂದ ಅದು ಬಹು ಬೇಗನೆ ದೇಶದೇಶಗಳಿಗೆ ಹಬ್ಬಿತು. 1996ರಲ್ಲಿ ಅದೇ ಸಂಸ್ಥೆಯ ‘ಕ್ವೇಕ್’, 1997ರಲ್ಲಿ ‘ಗೋಲ್ಡನ್‌ಐ’, 1998ರಲ್ಲಿ ವಾಲ್ವ್ ಸಂಸ್ಥೆಯ ‘ಹಾಫ್-ಲೈಫ್’, ಅದರ ಬೆನ್ನಿಗೇ ‘ಕೌಂಟರ್-ಸ್ಟ್ರೈಕ್’ ಬಂದವು. ಇವೇ ಈ ಜಾತಿಯ ಹಿರಿಯ ತಲೆಗಳು.

ಕಾಲವು ಇವುಗಳಲ್ಲಿ ಯಾವುದನ್ನು ಸವೆಸಿದೆ? ಮೊದಲನೆಯದಾಗಿ ಚಿತ್ರವನ್ನು. ಡೂಮ್‌ನಲ್ಲಿ ರಾಕ್ಷಸರು ಚಪ್ಪಟೆಯಾದ ಚಿತ್ರಗಳು. ಆಡುವವನು ತಲೆಯೆತ್ತಿ ಮೇಲೆ ನೋಡುವಂತಿಲ್ಲ. ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆಯನ್ನು ಕಟ್ಟುವಂತಿಲ್ಲ. ಎರಡನೆಯದಾಗಿ, ಕೈಗೆ ಒಗ್ಗುವ ರೀತಿಯನ್ನು. ನಾಲ್ವರು ಒಂದೇ ಪರದೆಯ ಮುಂದೆ ಕುಳಿತು ಆಡುತ್ತಿದ್ದ ಗೋಲ್ಡನ್‌ಐ ಆಟದ ನೆನಪು ಸವಿಯಾದರೂ, ಅದರ ಹಿಡಿಕೆಯಲ್ಲಿ ಗುರಿಯಿಡುವುದು ಇಂದಿನ ಕೈಗಳಿಗೆ ಎತ್ತಿನ ಗಾಡಿಯಲ್ಲಿ ಓಟದ ಪಂದ್ಯ ಕಟ್ಟಿದಂತೆ. ಈ ಆಟವು ನೆನಪಿನಲ್ಲಿ ನಿಂತಿರುವಷ್ಟು ಕೈಯಲ್ಲಿ ನಿಲ್ಲಲಾರದು. ಹಾಫ್-ಲೈಫ್ ಆಟದ ಕೊನೆಯ ಅಧ್ಯಾಯಗಳೂ ಮೊದಲಿನ ಭಾಗಗಳಷ್ಟು ರುಚಿಸುವುದಿಲ್ಲ.

ಆದರೆ ಸವೆಯದ ಅಂಶವೊಂದುಂಟು. ಮಲೆನಾಡಿನ ತೊಟ್ಟಿಮನೆಯಲ್ಲಿ ಹುಟ್ಟಿ ಬೆಳೆದವನು ದೀಪವಿಲ್ಲದೆಯೇ ಅಡಿಗೆಮನೆಯಿಂದ ಜಗಲಿಗೆ ನಡೆದು ಬರುವನು. ಗೋಡೆಯ ಸುಣ್ಣವು ಉದುರಿದರೂ ಮನೆಯ ಕಟ್ಟಣೆಯು ಕೆಡುವುದಿಲ್ಲ. ಡೂಮ್ ಅಂತಹ ಮನೆ. ಕೆಂಪು, ಹಳದಿ, ನೀಲಿ ಬೀಗದ ಕೈಗಳನ್ನು ಹುಡುಕುತ್ತ ಹೋದವನು ಸುತ್ತಿ ಬಳಸಿ ಮೊದಲು ಕಂಡ ಬಾಗಿಲಿಗೇ ಬಂದು ಸೇರುವನು. ಮದ್ದುಗುಂಡು ಮಿತವಾದುದು; ತಗುಲಿದ ಗಾಯವು ತಾನಾಗಿ ಮಾಯುವುದಿಲ್ಲ; ಆದುದರಿಂದ ಹೆಜ್ಜೆಹೆಜ್ಜೆಗೂ ಆಲೋಚನೆಯು ಬೇಕು. ಒಂದು ರಾಕ್ಷಸನು ಎಸೆದ ಬೆಂಕಿಯು ಇನ್ನೊಂದಕ್ಕೆ ತಗುಲಿದರೆ ಅವೆರಡೂ ತಮ್ಮೊಳಗೇ ಕಾದಾಡುವುವು. ಜಾಣನು ಅವುಗಳ ನಡುವೆ ನುಸುಳಿ ಪಾರಾಗುವನು. ಕಲ್ಲುಚಪ್ಪಡಿಯ ಮೇಲೆ ಇದ್ದಿಲಿನಿಂದ ಗೆರೆಯೆಳೆದು ಆಡುವ ಹುಲಿ-ಕುರಿಯ ಆಟಕ್ಕೆ ಚಿತ್ರವೆಲ್ಲಿಯದು? ನಿಯಮವು ಗಟ್ಟಿಯಾಗಿರುವುದರಿಂದಲೇ ಅದು ಬದುಕಿದೆ. ಡೂಮ್ ಬದುಕಿರುವುದೂ ಹಾಗೆಯೇ. 1997ರಲ್ಲಿ ಅದರ ಮೂಲ ಬರಹವನ್ನು ಲೋಕಕ್ಕೆ ತೆರೆದಿಟ್ಟುದರಿಂದ ಅಭಿಮಾನಿಗಳು ಇಂದಿಗೂ ಹೊಸ ಹೊಸ ಕೋಣೆಗಳನ್ನು ಕಟ್ಟುತ್ತಿರುವರು. ಅದನ್ನು ರಚಿಸಿದವರಲ್ಲೊಬ್ಬರಾದ ಜಾನ್ ರೊಮೆರೊ ಅವರೇ 2019ರಲ್ಲಿ ‘ಸಿಜಿಲ್’ ಎಂಬ ಹೊಸ ಭಾಗವನ್ನು ಸೇರಿಸಿದರು.

ಇಷ್ಟು ಆಟದ ಗುಣವಾಯಿತು. ಗೃಹಸ್ಥನು ಕೇಳಬೇಕಾದ ಇನ್ನೊಂದು ಪ್ರಶ್ನೆಯುಂಟು: ಕೊಲ್ಲುವುದೇ ವಿನೋದವಾದ ಆಟವು ಮನೆಗೆ ಸಲ್ಲುವುದೇ? ಈ ಪ್ರಶ್ನೆಗೆ ಸಕ್ರೆಬೈಲು ತಾನೇ ಒಂದು ಉತ್ತರವನ್ನು ಹೇಳುತ್ತದೆ. ಗಾಜನೂರಿನ ತುಂಗಾ ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ಅರಣ್ಯ ಇಲಾಖೆಯ ಆನೆಯ ಬಿಡಾರವಿರುವುದು. ರಾತ್ರಿ ಕಾಡಿನಲ್ಲಿ ಮೇಯಲು ಬಿಟ್ಟ ಆನೆಗಳನ್ನು ಮಾವುತರೂ ಕಾವಾಡಿಗಳೂ ಬೆಳಗ್ಗೆ ಹುಡುಕಿ ತಂದು ಹೊಳೆಯಲ್ಲಿ ಮೈ ತೊಳೆಸುವರು. ಊರಿಗೆ ನುಗ್ಗುವ ಕಾಡಾನೆಗಳನ್ನು ಹಿಡಿಯುವ ಕಾರ್ಯಕ್ಕೂ ಈ ಬಿಡಾರದ ಆನೆಗಳು ಹೋಗುವುದುಂಟು. ಅಲ್ಲಿಯೂ ಒಬ್ಬನು ಕೋವಿಯನ್ನು ಹಿಡಿದು ಗುರಿಯಿಡುವನು. ಆದರೆ ಅದರಲ್ಲಿರುವುದು ಅರಿವಳಿಕೆಯ ಮದ್ದು. ಆನೆಯ ತೂಕವನ್ನು ಅಂದಾಜು ಮಾಡಿ ಮದ್ದನ್ನು ಅಳೆಯಬೇಕು. ಹೊಡೆದ ಮೇಲೆ ಅದು ಏರುವ ತನಕ ಹಲವು ನಿಮಿಷ ಉಸಿರು ಬಿಗಿಹಿಡಿದು ಕಾಯಬೇಕು. 2023ರ ಆಗಸ್ಟಿನಲ್ಲಿ ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡ ಕಾಡಾನೆಯೊಂದಕ್ಕೆ ಚಿಕಿತ್ಸೆ ಮಾಡಬೇಕೆಂದು ಮದ್ದು ಹೊಡೆಯಲು ಹೋದ ಅನುಭವಿಯೊಬ್ಬರು ಅದೇ ಆನೆಯ ತುಳಿತಕ್ಕೆ ಸಿಕ್ಕಿ ಪ್ರಾಣವನ್ನು ನೀಗಿದರು. ನಿಜವಾದ ಗುರಿಗೆ ಎರಡು ಕಡೆಯೂ ಜೀವವುಂಟು. ಆಟದಲ್ಲಿ ಸತ್ತವನು ಮರುಕ್ಷಣವೇ ಎದ್ದು ನಿಲ್ಲುವನು. ಈ ಭೇದವನ್ನು ಬಲ್ಲವನಿಗೆ ಆಟವು ಆಟವೇ. ಅರಿಯದ ಎಳೆಯರ ಕೈಗೆ ಅದನ್ನು ಕೊಡಲಾಗದು. 1994ರಲ್ಲಿ ಸ್ಥಾಪಿತವಾದ ಅಮೆರಿಕೆಯ ಆಟಗಳ ವಯೋಮಿತಿ ಮಂಡಲಿಯು ಡೂಮ್ ಆಟಕ್ಕೆ ಹದಿನೇಳು ವರ್ಷದ ಮಿತಿಯನ್ನು ಇಟ್ಟಿರುವುದು ಸರಿಯಾಗಿಯೇ ಇದೆ. ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಇದನ್ನು ಮರೆಯತಕ್ಕದ್ದಲ್ಲ.

ಹಾಗಾದರೆ ತೀರ್ಮಾನವೇನು? ಚಿತ್ರದ ಬೆಡಗನ್ನೇ ನೆಚ್ಚಿದ ಆಟಗಳು ಹೊಸ ಬೆಡಗು ಬಂದೊಡನೆ ಮುದಿಯಾಗುವುವು; ಕಟ್ಟಣೆಯನ್ನೂ ನಿಯಮವನ್ನೂ ನೆಚ್ಚಿದವು ನಿಲ್ಲುವುವು. ಡೂಮ್ ನಿಂತಿದೆ. ಕ್ವೇಕ್‌ನ ಲೋಕವು ಕಂದುಬಣ್ಣದಲ್ಲಿ ಮಂಕಾಗಿದ್ದರೂ ಅದರ ಚಲನೆಯ ಚುರುಕು ನಿಂತಿದೆ. ಮನುಷ್ಯನಿಗೆ ಮನುಷ್ಯನೇ ಎದುರಾಳಿಯಾದ ಕೌಂಟರ್-ಸ್ಟ್ರೈಕ್ ನಿಂತುದಷ್ಟೇ ಅಲ್ಲ, 2023ರಲ್ಲಿ ಹೊಸ ಮೈ ತಳೆದು ಬಂದಿದೆ.

ಸಕ್ರೆಬೈಲಿನ ಮನೆಯಲ್ಲಿ ಆ ರಾತ್ರಿ ಮಗನು ನಗುತ್ತಲೇ ಡೂಮ್ ಆಡತೊಡಗಿದನು. ಅರ್ಧ ಗಂಟೆಯೊಳಗಾಗಿ ಅವನ ನಗು ನಿಂತಿತು. ನೀಲಿ ಬಾಗಿಲಿನ ಮುಂದೆ ದಾರಿ ತಪ್ಪಿ, “ಅಪ್ಪಾ, ಬೀಗದ ಕೈ ಎಲ್ಲಿದೆ?” ಎಂದು ಕೇಳಿದನು. ತಂದೆಯವರು ಹೇಳಲಿಲ್ಲ, ಕುರ್ಚಿಯನ್ನು ಎಳೆದುಕೊಂಡು ಪಕ್ಕದಲ್ಲಿ ಕುಳಿತರು. ಮಾರನೆಯ ದಿನ ಬೆಳಗ್ಗೆ ಇಬ್ಬರೂ ಒಟ್ಟಿಗೆ ಹೊಳೆಯ ದಡಕ್ಕೆ ಆನೆಗಳನ್ನು ನೋಡಲು ಹೋದರೆಂದು ಮನೆಯ ಗೃಹಿಣಿಯು ಹೇಳಿದಳು. ಅವರು ಹಾಗೆ ಜೊತೆಯಾಗಿ ಹೋಗಿ ಬಹಳ ದಿನಗಳಾಗಿದ್ದುವಂತೆ.